ಇಲಿ ಬಿದ್ದಾಗಲೇ ಎದ್ದವರ ಪಾಠ

ಕೊರೊನಾ ಕಲಿಸಿದ್ದು ಮಳೆ-ಬೆಳೆಗೂ ಬೇಕು: ತಾಳವಾಡಿ ಬೆಟ್ಟದಿಂದ ಒಂದು ಬರಹ

2020ರ ಏಪ್ರಿಲ್ ಮೊದಲ ವಾರ. ನನ್ನ ಒಂದೂವರೆ ಎಕರೆ ಎಲೆಕೋಸು ಕಟಾವಿಗೆ ಬಂದು ನಿಂತಿತ್ತು. ನಮ್ಮ ಕಡೆ ಇದಕ್ಕೆ ಬರೀ ಕೋಸು ಅಂತಲೇ ಹೆಸರು; ಬೆಟ್ಟ ಇಳಿದರೆ ಅದೇ ಮುಟ್ಟೈಕೋಸ್ ಆಗುತ್ತದೆ. ಹೆಸರು ಯಾವುದಾದರೇನು, ಆ ವಾರ ಅದನ್ನು ಕೇಳುವವರೇ ಇರಲಿಲ್ಲ. ತರಕಾರಿ ಲಾರಿಗೆ ತಡೆಯಿಲ್ಲ ಅಂತ ಸರ್ಕಾರವೇನೋ ಹೇಳಿತ್ತು. ಆದರೆ ಲಾರಿಗೆ ಡ್ರೈವರ್ ಬೇಕಲ್ಲ, ಲೋಡು ತುಂಬಲು ಆಳು ಬೇಕಲ್ಲ, ಕೊಳ್ಳಲು ಹೋಟೆಲು, ಮದುವೆ ಮನೆ ಬೇಕಲ್ಲ? ಮಂಡಿಯವರಿಗೆ ಫೋನು ಮಾಡಿದರೆ, 'ಈಗ ಬೇಡ ಅಣ್ಣಾ, ಲಾರಿ ಬಾಡಿಗೆಯೂ ಹುಟ್ಟಲ್ಲ' ಅಂದರು. ಹತ್ತು ದಿನ ಕಾದೆ. ಗಡ್ಡೆ ಒಡೆಯಿತು, ಕೊಳೆಯಿತು. ಕೊನೆಗೆ ಟ್ರ್ಯಾಕ್ಟರ್ ಬಿಟ್ಟು ಮಣ್ಣಿಗೆ ಸೇರಿಸಿಬಿಟ್ಟೆ.

ಅವತ್ತು ಬದುವಿನ ಮೇಲೆ ಕೂತು ನೋಡುತ್ತಿದ್ದ ನಮ್ಮ ದೊಡ್ಡಪ್ಪ ಕೋಸಿನ ಮಾತೇ ಎತ್ತಲಿಲ್ಲ. ಪ್ಲೇಗಿನ ಮಾತು ಎತ್ತಿದರು.

'ನಮ್ಮವ್ವ ಏಳ್ತಿದ್ಲು ಕಣ್ ಮಗ. ಆಗ ಮನ್ಸ ಸತ್ತ ಮ್ಯಾಲ ಊರ ಬುಡ್ತಿರ್ನಿಲ್ಲ. ಇಲಿ ಬಿದ್ದ ದಿವ್ಸವೇ ಗಂಟು ಮೂಟೆ ಕಟ್ಕಂಡು ಹೊಲಕ್ಕ ಹೋಗ್ಬುಡ್ತಿದ್ರು. ಈಗ ನಮಗ ಇಲಿ ಯಾವ್ದು ಅಂತ್ಲೇ ಗೊತ್ತಾಯ್ತಿಲ್ವಲ್ಲ!'

ಪ್ಲೇಗು 1898ರಲ್ಲಿ ಮೈಸೂರು ಸೀಮೆಗೆ ಕಾಲಿಟ್ಟಿತು. ಆಮೇಲೆ ಎಷ್ಟೋ ವರ್ಷ ಮತ್ತೆ ಮತ್ತೆ ಬಂತು. ಬೆಟ್ಟದ ಕೆಳಗೆ ಕೊಯಮತ್ತೂರಿನಲ್ಲಿ ಇವತ್ತಿಗೂ ಪ್ಲೇಗ್ ಮಾರಿಯಮ್ಮನ ಗುಡಿಗಳಿವೆ. ಚಿಗಟದಿಂದ ಈ ರೋಗ ಇಲಿಯಿಂದ ಮನುಷ್ಯನಿಗೆ ಹತ್ತುತ್ತದೆ ಅಂತ ನಮ್ಮ ಹಿರಿಯರಿಗೆ ಯಾರೂ ಪಾಠ ಮಾಡಿರಲಿಲ್ಲ. ಆದರೂ ಅಟ್ಟದಿಂದ ಸತ್ತ ಇಲಿ ಬಿದ್ದರೆ ಮುಂದೇನು ಬರುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಊರಾಚೆ ಗುಡಿಸಲು ಹಾಕಿ, ರೋಗ ಇಳಿದ ಮೇಲೆ ಮನೆಗೆ ಮರಳುತ್ತಿದ್ದರು. ಹೆಣ ಬೀಳುವವರೆಗೆ ಕಾಯುತ್ತಿರಲಿಲ್ಲ.

ಕೊರೊನಾದಿಂದ ನಾವು ಕಲಿಯಬೇಕಾದ ಪಾಠವೂ ಇದೇ ಎಂದು ನನಗೆ ಅನ್ನಿಸುತ್ತದೆ. ಅದು ಬರೀ ರೋಗದ ಪಾಠವಲ್ಲ. ವರ್ಷದಿಂದ ವರ್ಷಕ್ಕೆ ಹದಗೆಡುತ್ತಿರುವ ನಮ್ಮ ಮಳೆ, ಬಿಸಿಲು, ಬೋರಿನ ನೀರು ಇವುಗಳ ವಿಷಯದಲ್ಲೂ ಇದೇ ಪಾಠ ಬೇಕಾಗಿದೆ.

ನಡುವೆ ನಿಂತ ಬೆಟ್ಟ

ತಾಳವಾಡಿ ಎಂದರೆ ಹೊರಗಿನವರಿಗೆ ವರನಟ ಡಾ. ರಾಜ್‌ಕುಮಾರ್ ಅವರ ದೊಡ್ಡಗಾಜನೂರು ನೆನಪಾಗುತ್ತದೆ, ಇಲ್ಲವೇ ದೀಪಾವಳಿ ಕಳೆದ ಮೇಲೆ ನಡೆಯುವ ಗುಮಟಾಪುರದ ಗೊರೆ ಹಬ್ಬ. ನಮಗೆ ಅದು ಎರಡು ರಾಜ್ಯಗಳ ನಡುವಿನ ಮನೆ. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡ ಮಾತಾಡುವ ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. 1979ರಲ್ಲಿ ಈರೋಡ್ ಜಿಲ್ಲೆಯಾದಾಗ ನಾವು ಅದರ ಪಾಲಾದೆವು. ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿದು ನೂರು ಕಿಲೋಮೀಟರಿಗೂ ಹೆಚ್ಚು ಹೋಗಬೇಕು. ಚಾಮರಾಜನಗರವೋ ಹತ್ತಿರದ ಊರು. ಸಂತೆ, ಆಸ್ಪತ್ರೆ, ನೆಂಟಸ್ತನ ಎಲ್ಲಾ ಆ ಕಡೆಗೇ.

2020ರ ಮಾರ್ಚ್ 24ರ ರಾತ್ರಿ ದೇಶಕ್ಕೇ ಬೀಗ ಬಿತ್ತು. ಕನ್ನಡದ ಟೀವಿಯಲ್ಲಿ ಅದು ಲಾಕ್‌ಡೌನ್, ತಮಿಳಿನಲ್ಲಿ ಊರಡಂಗು. ನಮ್ಮ ಕಿವಿಗೆ 'ಊರು ಅಡಗು' ಅಂತಲೇ ಕೇಳಿಸಿತು. ಊರು ಅಡಗಿತು. ದಿನಾ ಹಾಲು ಕೊಟ್ಟು ಬರುತ್ತಿದ್ದ ದಾರಿಗೆ ನಮ್ಮವರೇ ಮುಳ್ಳು ಕಡಿದು ಹಾಕಿದರು. ಗಡಿಯಾಚೆಗೆ ಕೊಟ್ಟ ಮಗಳನ್ನು ನೋಡಲು ಇ-ಪಾಸ್ ಬೇಕಾಯಿತು. ಗಡಿ ಎಂಬುದು ನಕಾಶೆಯಲ್ಲಿ ಮಾತ್ರ ಇದೆ ಎಂದುಕೊಂಡಿದ್ದ ನಮಗೆ ಅದು ಮೊದಲ ಸಲ ಮುಳ್ಳಿನ ಹಾಗೆ ಚುಚ್ಚಿತು.

ಹಸಿರು ವಲಯದ ನೆಮ್ಮದಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಕೊರೊನಾ ಬಂದ ಶುರುವಿನಲ್ಲೇ, ಮಾರ್ಚ್ 22ರಂದು ಕೇಂದ್ರ ಸರ್ಕಾರ ಹೆಸರಿಸಿದ 75 ಜಿಲ್ಲೆಗಳಲ್ಲಿ ನಮ್ಮ ಈರೋಡ್ ಸೇರಿತ್ತು. ಏಪ್ರಿಲ್ ಕೊನೆಯ ಹೊತ್ತಿಗೆ ಅಲ್ಲಿ ಚಿಕಿತ್ಸೆಯಲ್ಲಿದ್ದವರೆಲ್ಲ ಗುಣವಾಗಿ ಮನೆಗೆ ಹೋದರು. ಇನ್ನು ಪಕ್ಕದ ಚಾಮರಾಜನಗರದಲ್ಲಿ ಜೂನ್ ತಿಂಗಳವರೆಗೆ ಒಂದೇ ಒಂದು ಪ್ರಕರಣವೂ ಇರಲಿಲ್ಲ. ಕರ್ನಾಟಕದಲ್ಲಿ ಕಟ್ಟಕಡೆಗೆ ಸೋಂಕು ಕಂಡ ಜಿಲ್ಲೆ ಅದು. 'ನಮ್ಮದು ಹಸಿರು ವಲಯ' ಎಂದು ಹೇಳಿಕೊಳ್ಳುವುದೇ ಒಂದು ಹೆಮ್ಮೆಯಾಗಿತ್ತು. ಮಾದಪ್ಪನ ದಯೆ, ಕಾಡಿನ ಗಾಳಿ, ರಾಗಿ ಮುದ್ದೆಯ ಬಲ ಅಂತ ನಾವೂ ಮಾತಾಡಿಕೊಂಡೆವು.

ಒಂದು ವರ್ಷ ಕಳೆಯಿತು. ಎರಡನೇ ಅಲೆ ಬಂತು. 2021ರ ಮೇ 2ರ ರಾತ್ರಿ ಮತ್ತು ಮಾರನೆಯ ದಿನ, ಅದೇ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ಕಣ್ಮುಚ್ಚಿದರು. ಹೈಕೋರ್ಟ್ ನೇಮಿಸಿದ ಸಮಿತಿ ಆಮ್ಲಜನಕದ ಕೊರತೆಯನ್ನೇ ಎತ್ತಿ ಹೇಳಿತು. ಸಿಲಿಂಡರ್ ತುಂಬಿಸಿಕೊಳ್ಳಲು ಆ ಜಿಲ್ಲೆ ಮೈಸೂರನ್ನು ನೆಚ್ಚಿಕೊಂಡಿತ್ತು. ಎಲ್ಲ ಕಡೆ ಏಕಕಾಲಕ್ಕೆ ಬೇಡಿಕೆ ಏರಿದಾಗ ದಾರಿಯ ಕೊನೆಯಲ್ಲಿದ್ದ ಊರಿಗೆ ಗಾಳಿಯೂ ತಡವಾಯಿತು. ಅದೇ ತಿಂಗಳು ಈರೋಡಿನಲ್ಲೂ ಸೋಂಕು ತಮಿಳುನಾಡಿನಲ್ಲೇ ಹೆಚ್ಚು ಎನ್ನುವ ಮಟ್ಟಕ್ಕೆ ಹೋಯಿತು. ಮೊದಲು ಪೆಟ್ಟು ತಿಂದು ಗೆದ್ದ ಜಿಲ್ಲೆ, ಕೊನೆಯವರೆಗೆ ಪೆಟ್ಟೇ ತಿನ್ನದ ಜಿಲ್ಲೆ, ಎರಡೂ ಒಂದೇ ತಿಂಗಳಲ್ಲಿ ಮಕಾಡೆ ಬಿದ್ದವು.

ಆ ಮೇ ತಿಂಗಳಲ್ಲೇ ನಮ್ಮ ದೊಡ್ಡಪ್ಪನೂ ಹೋದರು. ಹಾಸಿಗೆಗಾಗಿ ಗಡಿಯ ಎರಡೂ ಕಡೆ ಅಲೆದೆವು. ಯಾವ ಆಸ್ಪತ್ರೆ ಅಂತ ಇಲ್ಲಿ ಬರೆಯುವುದಿಲ್ಲ. ಅವತ್ತು ಎಲ್ಲ ಆಸ್ಪತ್ರೆಗಳ ಬಾಗಿಲಲ್ಲೂ ಅದೇ ಕತೆಯಿತ್ತು. ಒಳಗಿದ್ದವರು ನಿದ್ದೆಗೆಟ್ಟು ದುಡಿಯುತ್ತಿದ್ದರು. ಆದರೆ ಹಿಂದಿನ ವರ್ಷದ ಬಿಡುವಿನಲ್ಲಿ ಆಗಬೇಕಾಗಿದ್ದ ಕೆಲಸವನ್ನು ಒಂದೇ ರಾತ್ರಿಯಲ್ಲಿ ಮಾಡಲು ಯಾರಿಗೆ ಸಾಧ್ಯ? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಇದು ಅಧಿಕಾರಿಗಳಿಗೆ ಮಾತ್ರ ಹೇಳುವ ಮಾತಲ್ಲ. ಹಸಿರು ವಲಯ ಅಂತ ಮಾಸ್ಕು ಕಿತ್ತು ಜೇಬಿಗಿಟ್ಟು ಮದುವೆ ಊಟಕ್ಕೆ ಕೂತವರಲ್ಲಿ ನಾನೂ ಒಬ್ಬ.

ಹೊಲದಲ್ಲಿ ಬೀಳುತ್ತಿರುವ ಇಲಿ

ಹವಾಮಾನ ಬದಲಾವಣೆ ಎಂದಾಗ ನಮ್ಮಲ್ಲಿ ಅನೇಕರಿಗೆ ಇವತ್ತಿಗೂ ಅದೇ ಹಸಿರು ವಲಯದ ನೆಮ್ಮದಿ. ಹಿಮಗಡ್ಡೆ ಕರಗುವುದು ಎಲ್ಲೋ, ಸಮುದ್ರ ಉಕ್ಕುವುದು ಎಲ್ಲೋ, ನಮ್ಮ ಬೆಟ್ಟಕ್ಕೇನು ಎಂಬ ಮಾತು. ಆದರೆ ಲೆಕ್ಕ ನೋಡಿ. 2016ರಲ್ಲಿ ತಮಿಳುನಾಡಿನ ಹಿಂಗಾರು ಮಳೆ ಶೇ 60ಕ್ಕೂ ಹೆಚ್ಚು ಕೈಕೊಟ್ಟಿತು. 2019ರ ಫೆಬ್ರವರಿಯಲ್ಲಿ ಪಕ್ಕದ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಉರಿಯಿತು. 2022ರಲ್ಲಿ ಮಳೆ ಜಡಿದು ಚಾಮರಾಜನಗರ ಕಡೆಯ ಕೆರೆ ಕಟ್ಟೆ ಕೋಡಿ ಬಿದ್ದವು, ಹೊಲದಲ್ಲಿ ನೀರು ನಿಂತು ಬೆಳೆ ಕೊಳೆಯಿತು. ಮಾರನೆಯ ವರ್ಷ, 2023ರ ಆಗಸ್ಟ್, ದೇಶದಲ್ಲಿ 1901ರಿಂದೀಚೆಗೆ ಕಂಡ ಅತಿ ಒಣ ಆಗಸ್ಟ್ ಆಯಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. 2024 ಭೂಮಿಯ ದಾಖಲೆಯಲ್ಲೇ ಅತಿ ಬಿಸಿಯ ವರ್ಷ. ಕೈಗಾರಿಕೆ ಶುರುವಾಗುವ ಮುಂಚಿನ ಕಾಲಕ್ಕಿಂತ ಒಂದೂವರೆ ಡಿಗ್ರಿ ಮೀರಿದ ಮೊದಲ ವರ್ಷ.

ಒಂದು ವರ್ಷ ಕೊಚ್ಚೆ, ಮರುವರ್ಷ ಬರ. ಇದು ಹೇಗೆ? ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಡಿಗ್ರಿ ಏರಿದರೆ ಸುಮಾರು ಶೇ 7ರಷ್ಟು ಹೆಚ್ಚು. ಬೋಗುಣಿ ದೊಡ್ಡದಾದಂತೆ ಅಂದುಕೊಳ್ಳಿ. ದೊಡ್ಡ ಬೋಗುಣಿ ತುಂಬಲು ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲಿ ನಮ್ಮ ಹೊಲದ ತೇವವನ್ನೂ ಅದೇ ಹೀರುತ್ತದೆ. ಕವುಚಿತೋ, ಒಂದೇ ಸಲಕ್ಕೆ ಎಲ್ಲ ಸುರಿಯುತ್ತದೆ. ಹದ ಮಳೆ ಕಡಿಮೆಯಾಗಿ ಜಡಿಮಳೆ ಹೆಚ್ಚುವುದು ಇದರಿಂದಲೇ. ಎಲ್ ನಿನೊ ಬಂದ ವರ್ಷ ಬರ ಬೀಳುವುದು ಹಳೆಯ ಕತೆ. ಆ ಹಳೆಯ ಕತೆಯ ಮೇಲೆ ಈ ಬಿಸಿ ಹೊಸದಾಗಿ ಕೂತಿದೆ.

ಭರಣಿ ಮಳೆಗೆ ಇಷ್ಟು, ಮಘೆಗೆ ಇಷ್ಟು ಎಂದು ನಂಬಿ ಬಿತ್ತುತ್ತಿದ್ದ ನಮ್ಮ ಪಂಚಾಂಗ ಈಗ ಕೈಕೊಡುತ್ತಿದೆ. ಬೋರು ಇನ್ನೂರು ಅಡಿಯಿಂದ ಆರುನೂರು, ಎಂಟುನೂರಕ್ಕೆ ಇಳಿದಿದೆ. ದೊಡ್ಡಪ್ಪ ಕೇಳಿದರಲ್ಲ, ಇಲಿ ಯಾವುದು ಅಂತ? ಇವೇ ಇಲಿ. ಅಟ್ಟದಿಂದ ಒಂದೊಂದಾಗಿ ಬೀಳುತ್ತಿವೆ.

ಬೀಗ ಹಾಕಿದರೆ ಸಾಲದು

ಕೊರೊನಾ ಕಾಲದಲ್ಲಿ ಆಕಾಶ ಶುಭ್ರವಾಯಿತು, ರಸ್ತೆಗೆ ಜಿಂಕೆ ಬಂತು, ಆನೆ ಹಿಂಡು ಹಗಲಲ್ಲೇ ಹೆದ್ದಾರಿ ದಾಟಿತು. 'ನೋಡಿ, ಮನುಷ್ಯ ಸುಮ್ಮನಿದ್ದರೆ ಪ್ರಕೃತಿ ಸರಿಹೋಗುತ್ತದೆ' ಎಂದು ಅನೇಕರು ಮೊಬೈಲಿನಲ್ಲಿ ಕಳಿಸಿದರು. ಅದು ಅರ್ಧ ಸತ್ಯ ಮಾತ್ರ. ಜಗತ್ತಿನಾದ್ಯಂತ ವಿಮಾನ, ಕಾರು, ಕಾರ್ಖಾನೆ ನಿಂತರೂ 2020ರಲ್ಲಿ ಇಂಗಾಲದ ಹೊಗೆ ಇಳಿದದ್ದು ಸುಮಾರು ಶೇ 5ರಷ್ಟು. ಮಾರನೆಯ ವರ್ಷವೇ ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಏರಿಬಿಟ್ಟಿತು. ತಾಪವನ್ನು ಒಂದೂವರೆ ಡಿಗ್ರಿಯೊಳಗೆ ಹಿಡಿಯಲು ವರ್ಷಕ್ಕೆ ಶೇ 7.6ರಂತೆ ಹತ್ತು ವರ್ಷ ಇಳಿಸುತ್ತಾ ಹೋಗಬೇಕು ಎಂದು ವಿಶ್ವಸಂಸ್ಥೆಯ ಪರಿಸರ ವಿಭಾಗ 2019ರಲ್ಲೇ ಹೇಳಿತ್ತು.

ಜೊತೆಗೆ, ಹೊಗೆ ಕಡಿಮೆಯಾದರೂ ಗಾಳಿಯಲ್ಲಿರುವ ಇಂಗಾಲ ಆ ವರ್ಷವೂ ಏರಿತು. ಕೆರೆಗೆ ಬರುವ ಕಾಲುವೆಯನ್ನು ಚೂರು ಕಿರಿದು ಮಾಡಿದರೆ ಕೆರೆ ಖಾಲಿಯಾಗುತ್ತದೆಯೇ? ನಿಧಾನವಾಗಿ ತುಂಬುತ್ತದೆ, ಅಷ್ಟೆ. ಹಾಗಾಗಿ ಎಲ್ಲರನ್ನೂ ಮನೆಯಲ್ಲಿ ಕೂರಿಸುವುದು ಇದಕ್ಕೆ ಮದ್ದಲ್ಲ. ಕೂಲಿಯವನ ಒಲೆ ಆರಿಸಿ, ರೈತನ ಕೋಸು ಕೊಳೆಸಿ ಉಳಿಸಿದ್ದು ಶೇ 5. ಕೆಲಸ ನಿಲ್ಲಿಸದೆ, ಕೆಲಸ ಮಾಡುವ ರೀತಿಯನ್ನು ಬದಲಿಸಬೇಕು: ವಿದ್ಯುತ್ತು ಎಲ್ಲಿಂದ ಬರುತ್ತದೆ, ಲಾರಿ ಯಾವುದರಿಂದ ಓಡುತ್ತದೆ, ಹೊಲದಲ್ಲಿ ಏನು ಬೆಳೆಯುತ್ತೇವೆ ಎಂಬುದನ್ನು.

ಇದರಲ್ಲಿ ನಮ್ಮ ಪಾಲಿನ ತಪ್ಪು ಕಡಿಮೆ. ತಲೆಗೆ ಹಂಚಿದರೆ ಭಾರತೀಯನ ಹೊಗೆ ಜಗತ್ತಿನ ಸರಾಸರಿಯ ಅರ್ಧವೂ ಇಲ್ಲ. ಬೆಟ್ಟದ ಪೋಡುಗಳಲ್ಲಿರುವ ಸೋಲಿಗರದ್ದು, ಊರಾಳಿಗಳದ್ದು ಲೆಕ್ಕಕ್ಕೇ ಸಿಗದು. ಆದರೆ ರೋಗದ ಹಾಗೆ ಬಿಸಿಲೂ ತಪ್ಪು ಮಾಡಿದವನನ್ನು ಹುಡುಕಿಕೊಂಡು ಹೋಗುವುದಿಲ್ಲ. ಕೈಲಾಗದವನನ್ನು ಮೊದಲು ಹಿಡಿಯುತ್ತದೆ.

ಹಾಗಂತ ಕೊರೊನಾ ಬರೀ ನಿರಾಸೆಯನ್ನೇ ಕಲಿಸಲಿಲ್ಲ. 2020ರ ಜನವರಿಯಲ್ಲಿ ವೈರಾಣುವಿನ ಜಾತಕ ಹೊರಬಿತ್ತು, ಡಿಸೆಂಬರಿಗೆ ಲಸಿಕೆ ಬಂತು. 2021ರ ಜನವರಿ 16ರಂದು ನಮ್ಮ ದೇಶದಲ್ಲಿ ಶುರುವಾಗಿ ಅಕ್ಟೋಬರ್ 21ಕ್ಕೆ 100 ಕೋಟಿ ಡೋಸ್ ಆಯಿತು. ನಾನು ಕಂಡ ಒಂದು ಪೋಡಿನಲ್ಲಿ ಸೂಜಿ ಎಂದರೆ ಜನ ಕಾಡಿಗೆ ಓಡುತ್ತಿದ್ದರು. ಅವರದೇ ಜನಾಂಗದ ಹುಡುಗಿಯೊಬ್ಬಳು ಎಲ್ಲರೆದುರು ತಾನು ಚುಚ್ಚಿಸಿಕೊಂಡು, ಅವರದೇ ಮಾತಿನಲ್ಲಿ ತಿಳಿಸಿ ಹೇಳಿದ ಮೇಲೆ ಸಾಲು ನಿಂತಿತು. ಮನಸ್ಸು ಮಾಡಿದರೆ ಆಗುತ್ತದೆ. ಆದರೆ ಮಾತು ಜನರ ಮಾತಿನಲ್ಲಿರಬೇಕು.

ಬರ ಕಲಿಸಿದ ಕಾನೂನು

ಪೆಟ್ಟು ತಿಂದ ಮೇಲಾದರೂ ನೆನಪಿಟ್ಟುಕೊಂಡವರು ಹಿಂದೆ ಇದ್ದರು. 1876ರ ಧಾತು ಸಂವತ್ಸರದಲ್ಲಿ ಶುರುವಾದ ಬರ ನಮ್ಮ ಎರಡೂ ಭಾಷೆಯವರಿಗೆ ಗೊತ್ತು. ತಮಿಳರು ಅದನ್ನು ತಾದು ವರುಷ ಪಂಜಂ ಎನ್ನುತ್ತಾರೆ. ತೆಂಕಣ ಸೀಮೆಯಲ್ಲಿ ಅಂದಾಜು ಐವತ್ತು ಲಕ್ಷಕ್ಕೂ ಹೆಚ್ಚು ಜನ ಹೋದರು. ಜನ ಸಾಯುತ್ತಿರುವಾಗಲೂ ಧಾನ್ಯ ರೈಲಿನಲ್ಲಿ ಬಂದರಿಗೆ ಹೋಗುತ್ತಿತ್ತು. ಆ ಬರದ ನಂತರ 1880ರಲ್ಲಿ ಬರಗಾಲ ಆಯೋಗದ ವರದಿ ಬಂತು. ಅದರ ಮೇಲೆ ಬರ ಸಂಹಿತೆಗಳಾದವು. ಮಳೆ ತಪ್ಪಿದಾಗ, ಕಾಳಿನ ಬೆಲೆ ಏರಿದಾಗ, ಜನ ಗುಳೆ ಹೊರಟಾಗ, ಇಂಥ ಗುರುತು ಕಂಡ ಕೂಡಲೇ ಅಧಿಕಾರಿ ಏನು ಮಾಡಬೇಕು ಎಂದು ಮೊದಲೇ ಬರೆದಿಟ್ಟರು. ಪರದೇಶದ ಸರ್ಕಾರಕ್ಕೂ ಇಲಿ ಬೀಳುವುದನ್ನು ನೋಡಬೇಕೆಂಬ ಬುದ್ಧಿ ಅಷ್ಟು ಹೆಣ ಬಿದ್ದ ಮೇಲೆ ಬಂತು.

1988ರಲ್ಲಿ ಕರ್ನಾಟಕ ಬೆಂಗಳೂರಿನಲ್ಲಿ ಬರ ಉಸ್ತುವಾರಿ ಘಟಕ ತೆರೆಯಿತು. ಹವಾಮಾನ ಬದಲಾವಣೆಯ ಬಗ್ಗೆ ಜಗತ್ತಿನ ವಿಜ್ಞಾನಿಗಳ ಸಮಿತಿ ಹುಟ್ಟಿದ್ದೂ ಅದೇ ವರ್ಷ. ಬೆಂಗಳೂರಿನ ಆ ಘಟಕವೇ ಬೆಳೆದು ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುವ ಯಂತ್ರಗಳು, 'ವರುಣ ಮಿತ್ರ' ಸಹಾಯವಾಣಿ ಅದರ ಕೊಡುಗೆ.

ಮೋಡಕ್ಕೆ ಚೆಕ್‌ಪೋಸ್ಟ್ ಇಲ್ಲ

ಆದರೆ ಆ ಯಂತ್ರಗಳ ಸಾಲು ಗಡಿಗೆ ಬಂದು ನಿಲ್ಲುತ್ತದೆ. ಮೋಡ ನಿಲ್ಲುವುದಿಲ್ಲ. ನಮ್ಮ ತಾಳವಾಡಿ ಕಡೆ ಜೋರು ಮಳೆಯಾದರೆ ಹಳ್ಳದ ನೀರು ಚಾಮರಾಜನಗರದ ಚಿಕ್ಕಹೊಳೆ ಜಲಾಶಯಕ್ಕೆ ಹೋಗುತ್ತದೆ. ನಮ್ಮ ಕಾಡು ಒಣಗಿದರೆ ಅವರ ಕಾಲುವೆಯೂ ಒಣಗುತ್ತದೆ. ನಮಗೆ ಮುನ್ಸೂಚನೆ ಬರುವುದು ಈರೋಡ್ ಜಿಲ್ಲೆಯ ಲೆಕ್ಕದಲ್ಲಿ, ತಮಿಳಿನಲ್ಲಿ. ಈರೋಡಿನ ಬಯಲ ಬಿಸಿಲು ಬೇರೆ, ನಮ್ಮ ಬೆಟ್ಟದ ಹವೆ ಬೇರೆ. ಕನ್ನಡ ಮಾತ್ರ ಓದಬಲ್ಲ ಹಿರಿಯರು ಮೊಮ್ಮಗನ ಕೈಯಲ್ಲಿ ಓದಿಸಿಕೊಳ್ಳುತ್ತಾರೆ. ತಮಿಳುನಾಡು 2022ರಲ್ಲಿ ಹವಾಮಾನ ಬದಲಾವಣೆಗೆಂದೇ ಒಂದು ಅಭಿಯಾನ ಶುರುಮಾಡಿತು. ಕರ್ನಾಟಕದ ಬಳಿ ಮಳೆಯ ಲೆಕ್ಕ ಇದೆ. ಈ ಎರಡೂ ಕೂಡುವ ಜಾಗ ನಮ್ಮ ಬೆಟ್ಟವೇ ಆಗಬೇಕಲ್ಲವೇ?

ಕೊರೊನಾದಲ್ಲಿ ಪೇಟೆಯ ಗತಿ ಏನಾಯಿತು ಎಂಬುದನ್ನು ವ್ಯಾಪಾರಿಗಳಿಗೆ ನಾನು ಹೇಳಬೇಕಾಗಿಲ್ಲ. 2020ರ ಮೇ ತಿಂಗಳಲ್ಲಿ ಚೆನ್ನೈನ ಕೊಯಂಬೇಡು ಮಾರುಕಟ್ಟೆಗೇ ಬಾಗಿಲು ಹಾಕಿದರು. ಅಲ್ಲಿ ಬಾಗಿಲು ಬಿದ್ದರೆ ಇಲ್ಲಿ ಬೆಲೆ ಬಿತ್ತು. 2022ರ ಫೆಬ್ರವರಿಯಿಂದ ವನ್ಯಮೃಗಗಳಿಗಾಗಿ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಾಗ ಮತ್ತೊಮ್ಮೆ ಅದರ ಬಿಸಿ ಕಂಡೆವು. ಒಂದೇ ಪೇಟೆ, ಒಂದೇ ದಾರಿ, ಒಂದೇ ಬೆಳೆ ನೆಚ್ಚಿದವನಿಗೆ ರೋಗವಾದರೂ ಒಂದೇ, ಬರವಾದರೂ ಒಂದೇ, ಭೂಕುಸಿತವಾದರೂ ಒಂದೇ.

ಈಗಲೇ ಆಗುವ ಕೆಲಸ

ದೊಡ್ಡ ಮಾತು ಬಿಟ್ಟು ಕೈಗೆಟುಕುವ ಮಾತು ಹೇಳುತ್ತೇನೆ. ಗಡಿಯ ಎರಡೂ ಬದಿಯ ಹತ್ತು-ಹದಿನೈದು ಊರಿನವರು ಶಾಲೆಯ ಅಂಗಳದಲ್ಲಿ ಒಂದೊಂದು ಮಳೆಮಾಪಕ ಇಟ್ಟು, ದಿನದ ಲೆಕ್ಕವನ್ನು ಕನ್ನಡ, ತಮಿಳು ಎರಡರಲ್ಲೂ ಮೊಬೈಲಿನಲ್ಲಿ ಹಂಚಿಕೊಳ್ಳಬಹುದು. ಮುಂದೆ ಯಾವ ವಿಪತ್ತು ಬಂದರೂ ತರಕಾರಿ ಗಾಡಿ, ಹಾಲಿನ ಗಾಡಿ, ಆಂಬುಲೆನ್ಸ್ ಗಡಿಯಲ್ಲಿ ಹೇಗೆ ದಾಟಬೇಕು ಎಂಬುದನ್ನು ಎರಡು ಜಿಲ್ಲಾಡಳಿತಗಳು ಈಗಲೇ ಕೂತು ಬರೆದಿಡಬಹುದು. ಇದಕ್ಕೆ ಕೋಟಿ ರೂಪಾಯಿ ಬೇಡ. ರೈತ ಸಂಘಗಳೂ ವರ್ತಕರ ಸಂಘಗಳೂ ಜೊತೆಯಾಗಿ ಹೋಗಿ ಕೇಳಬೇಕು. ಕೆರೆ ಹೂಳು ಬೇಸಿಗೆಯಲ್ಲಿ ತೆಗೆಯಬೇಕು. ಮಳೆ ಹಿಡಿದ ಮೇಲೆ ಅರ್ಜಿ ಕೊಟ್ಟು ಏನು ಬಂತು?

ಹೊಲದ ಮಾತು. ಹಿಂದೆ ಪ್ರತಿ ದೊಡ್ಡ ಮನೆಯ ಮುಂದೆ ಹಗೇವು ಇತ್ತು. ನೆಲದೊಳಗಿನ ಆ ಗುಂಡಿಯಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಕೋಸು ಬಂದ ಮೇಲೆ ಹಗೇವು ಮುಚ್ಚಿ ಅದರ ಮೇಲೆ ಪವರ್ ಟಿಲ್ಲರ್ ನಿಲ್ಲಿಸಿದೆವು. ಕೋಸು ಬೇಡ ಅಂತ ನಾನು ಹೇಳುವುದಿಲ್ಲ, ಕೈಗೆ ಕಾಸು ಬರುವುದು ಅದರಿಂದಲೇ. 2020ರ ನಂತರ ನಾನು ಅರ್ಧ ಹೊಲಕ್ಕೆ ರಾಗಿ ಹಾಕಿ, ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು ಬಿತ್ತುತ್ತಿದ್ದೇನೆ. 2023ರ ಆಗಸ್ಟ್‌ನಲ್ಲಿ ಬೋರು ಕೈಕೊಟ್ಟು ಕೋಸು ಪೂರಾ ಹೋಯಿತು. ರಾಗಿ ಅರ್ಧಂಬರ್ಧ ಬಂತು. ಮನೆಗೆ ಊಟಕ್ಕಾಯಿತು, ದನಕ್ಕೆ ಹುಲ್ಲಾಯಿತು, ಸಾಲಕ್ಕೆ ಹೋಗದೆ ವರ್ಷ ಕಳೆಯಿತು. ಇದು ಸಾಹಸವಲ್ಲ. ನಮ್ಮಜ್ಜಿಗೆ ಗೊತ್ತಿದ್ದದ್ದನ್ನು ನಾನು ಒಂದೂವರೆ ಎಕರೆ ಕೋಸು ಉತ್ತ ಮೇಲೆ ಕಲಿತೆ.

ಮೊನ್ನೆ ಹಟ್ಟಿಯ ಮುಂದಿನ ಹಳೆಯ ಹಗೇವನ್ನು ತೆಗೆಸಿದೆ. ಬಾಯಿಗೆ ಮುಚ್ಚಿದ್ದ ಚಪ್ಪಡಿ ಹಾಗೇ ಇದೆ, ಗೋಡೆ ಒಂದು ಕಡೆ ಮಾತ್ರ ಕುಸಿದಿದೆ. ದಾರಿಯಲ್ಲಿ ಹೋಗುತ್ತಿದ್ದ ಊರಿನವರೊಬ್ಬರು ನಿಂತು, 'ಯಾಕಪ್ಪಾ, ನಿಧಿ ಗಿಧಿ ಉಡುಕ್ತಿದ್ದಿಯಾ?' ಅಂತ ನಕ್ಕರು. ಇಲ್ಲ ಅಂದೆ. ಈ ವರ್ಷದ ರಾಗಿ ಬರುವುದರೊಳಗೆ ಗೋಡೆ ಸರಿಮಾಡಿಸಬೇಕು.